‘ನಂದು’ ಎಂದು ಕೂಗುವ ಕಾಕಾ

ನಮ್ಮ ಕಾಕಾನಷ್ಟು ಸ್ವಾರ್ಥಿ ಇಡೀ ಧಾರವಾಡದಲ್ಲಿ ಇನ್ನೊಬ್ಬರಿಲ್ಲ. ಮದುವೆ ಊಟದಲ್ಲಿ ಬುಟ್ಟಿಯ ಕೊನೆಯ ಹೋಳಿಗೆ ಕಂಡರೆ ಸಾಕು, ಪಂಕ್ತಿಯೇ ಬೆಚ್ಚುವಂತೆ ‘ನಂದು!’ ಎಂದು ಕೂಗುತ್ತಾರೆ. ನವನಗರದ ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿಯಾದರೂ ಅದೇ ಕೂಗು. ಒಮ್ಮೆ ಪಕ್ಕದ ಮನೆಯ ಕೂಸು ತೊಟ್ಟಿಲಿನಿಂದ ಜಾರಿದಾಗ ‘ನಂದು!’ ಎನ್ನುತ್ತ ಹಾರಿ ಹಿಡಿದರು. ಆ ಕೂಸಿನ ಅಪ್ಪ ಇವತ್ತಿಗೂ ಕಾಕಾನನ್ನು ಒಂದು ಥರಾ ನೋಡುತ್ತಾನೆ!

ಇದು ಬೇಸ್‌ಬಾಲ್ ಹಚ್ಚಿದ ರೋಗ. ಕಾಕಾ ಊರಿನ ತಂಡದಲ್ಲಿ ಔಟ್‌ಫೀಲ್ಡರ್ ಆಗಿದ್ದರು. ಎಂದರೆ ಮೈದಾನದ ಅಂಚಿನಲ್ಲಿ ನಿಂತು, ಎತ್ತರಕ್ಕೆ ಹಾರಿದ ಚೆಂಡಿನ ಕೆಳಗೆ ಓಡುವವರು. ಆಕಾಶ ನೋಡುತ್ತ ಓಡುವವರಿಗೆ ಪಕ್ಕದವರು ಕಾಣುವುದಿಲ್ಲ. ಹಾಗಾಗಿ ಹಿಡಿಯುವವರು ‘ನಂದು’ ಎನ್ನಬೇಕು, ಇನ್ನೊಬ್ಬರು ‘ನಿಂದು’ ಎಂದು ಸರಿಯಬೇಕು.

ಅದೇ ತಂಡದಲ್ಲಿ ನನ್ನಪ್ಪನೂ ಇದ್ದರು. ಒಂದು ಚೆಂಡಿಗೆ ಅಣ್ಣ ತಮ್ಮ ಇಬ್ಬರೂ ಓಡಿದರು. ಯಾರೂ ಕೂಗಲಿಲ್ಲ. ತಲೆಗೆ ತಲೆ ಬಡಿಯಿತು. ಕಾಕಾ ಎದ್ದರು, ಅಪ್ಪ ಏಳಲಿಲ್ಲ. ಆಗ ನನಗೆ ಎರಡು ವರ್ಷ. ಹುಲ್ಲಿನ ಮೇಲೆ ಬಿದ್ದಿದ್ದ ಗ್ಲೌವ್ ನನಗೆ ಚೆನ್ನಾಗಿ ನೆನಪಿದೆ. ನೀ ಅವತ್ತು ಮೈದಾನಕ್ಕೆ ಬಂದೇ ಇರಲಿಲ್ಲ ಎನ್ನುತ್ತಾಳೆ ಅವ್ವ. ಹಾಗಾದರೆ ಇದು ಯಾರ ನೆನಪು?

ಈ ವರ್ಷ ನಾನು ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಹೋಗಬೇಕಿತ್ತು. ಚೆಂಡು ಹಿಡಿಯಲು ಬರುತ್ತಿತ್ತು, ಕೂಗಲು ಬರುತ್ತಿರಲಿಲ್ಲ. ಒದರಾಕ ಬರದಿದ್ದರೆ ಕಳಿಸುವುದಿಲ್ಲ ಎಂದು ಕಾಕಾ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಕೆಲಗೇರಿ ಕೆರೆಯ ಪಕ್ಕದ ಬಯಲಿನಲ್ಲಿ ಬೆಳಗಿನ ಅಭ್ಯಾಸ. ಬ್ಯಾಟು ಬೀಸಲು ಕಾಕಾ, ಫೀಲ್ಡಿಂಗಿಗೆ ನಾನೊಬ್ಬಳೇ. ಆದರೂ ನನ್ನಿಂದ ಇಪ್ಪತ್ತು ಹೆಜ್ಜೆ ಎಡಕ್ಕೆ ಕಾಕಾ ದಿನಾಲೂ ಒಂದು ಹಳೆಯ ಗ್ಲೌವ್ ಇಟ್ಟು ಹೋಗುತ್ತಿದ್ದರು.

‘ಬಾಜೂಕ ಯಾರೂ ಇಲ್ಲಲ್ರಿ ಕಾಕಾ?’

‘ಇಲ್ಲಂತ ತಿಳಕೊಂಡು ಓಡೂದ ತಪ್ಪವಾ,’ ಎಂದರು.

ಆಯ್ಕೆಯ ಹಿಂದಿನ ದಿನ ಕೆರೆಯಿಂದ ಎದ್ದ ಮಂಜು ಬಯಲನ್ನೇ ನುಂಗಿತ್ತು. ಕಾಕಾ ಕಾಣುತ್ತಿರಲಿಲ್ಲ, ಬ್ಯಾಟಿನ ಟಕ್ ಎಂಬ ಸದ್ದು ಮಾತ್ರ. ಆ ಸದ್ದು ಕೇಳಿಯೇ ಚೆಂಡು ಎಲ್ಲಿ ಬೀಳುತ್ತದೆಂದು ಅಳೆಯುವುದನ್ನು ಅವರೇ ಕಲಿಸಿದ್ದರು. ಎಡಕ್ಕೆ ಓಡಿದೆ. ಬಾಯಿ ತೆರೆದೆ, ದನಿ ಹೊರಡಲಿಲ್ಲ.

ಹಳೆಯ ಗ್ಲೌವ್ ಇದ್ದ ಕಡೆಯಿಂದ ಒಂದು ಗಂಡು ದನಿ ಬಂತು: ‘ನಂದು.’

ನಿಂತುಬಿಟ್ಟೆ. ಚೆಂಡು ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ.

ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೊರಟ ಯಾರದೋ ದನಿ ಇರಬಹುದು. ನಾನೇ ಕೂಗಿ, ಅದು ಏರಿಗೆ ಬಡಿದು ಮರಳಿರಬಹುದು. ನನ್ನ ನೆನಪಿನ ಚಾಳಿ ನೋಡಿದಿರಲ್ಲ, ನಂಬಬೇಡಿ. ಮರುದಿನ ಆಯ್ಕೆಯಲ್ಲಿ ನಾನು ಗಂಟಲು ಹರಿಯುವಂತೆ ಕೂಗಿ ತಂಡ ಸೇರಿದ್ದು ಆ ಹೆದರಿಕೆಯಿಂದಲೇ.

ಆದರೆ ಮಂಜಿನಾಚೆ ಬ್ಯಾಟು ಕೈಜಾರಿ ಬಿದ್ದದ್ದು ಖರೆ. ಬಹಳ ಹೊತ್ತಿನ ಮೇಲೆ, ಯಾರಿಗೂ ಒಂದು ಹೋಳಿಗೆಯನ್ನೂ ಬಿಟ್ಟುಕೊಡದ ನಮ್ಮ ಕಾಕಾನ ದನಿ ಕೇಳಿಸಿತು, ತೀರ ಮೆತ್ತಗೆ:

‘ನಿಂದು, ಅಣ್ಣಾ. ನಿಂದು. ನಾ ಸರದ ನಿಂತೇನಿ.’