ಬೀಗರು ಕೊಟ್ಟ ಐಸ್‌ಕ್ರೀಮ್ ಮಿಷನ್ನು

ಉಡುಗೊರೆ ಕೊಟ್ಟವರು ಕೊಟ್ಟದ್ದನ್ನು ಮರೆತುಬಿಡುವಂತಿದ್ದರೆ ಸಂಸಾರಸ್ಥರ ಅರ್ಧ ತಾಪತ್ರಯ ತಪ್ಪುತ್ತಿತ್ತು. ನಂಜನಗೂಡಿನ ಮಂಗಳಗೌರಿಗೆ ಆ ಭಾಗ್ಯವಿರಲಿಲ್ಲ. ಮಗಳು ಅರ್ಪಿತಳನ್ನು ನರಸೀಪುರಕ್ಕೆ ಕೊಟ್ಟು ವರ್ಷ ತುಂಬುವ ಮೊದಲೇ ಬೀಗಿತ್ತಿ ಇಂದ್ರಾಣಿಯವರು, "ನಿಮ್ಮೂರ ರಸಬಾಳೆಗೆ ಇದೇ ಸರಿ" ಎಂದು ಮನೆಯಲ್ಲೇ ಐಸ್‌ಕ್ರೀಮ್ ಮಾಡುವ ಮಿಷನ್ನೊಂದನ್ನು ತಂದುಕೊಟ್ಟಿದ್ದರು. ಅಂದಿನಿಂದ ಅವರು ಫೋನು ಮಾಡಿದಾಗಲೆಲ್ಲ ಮೊದಲು ವಿಚಾರಿಸುತ್ತಿದ್ದುದು ಮಿಷನ್ನಿನ ಆರೋಗ್ಯ. ಮಂಗಳಗೌರಿಯ ಮಂಡಿನೋವಿನ ಸರದಿ ಆಮೇಲೆ.

ಅಂಥ ಮಿಷನ್ನು ಒಂದು ಶುಕ್ರವಾರ ಬೆಳಿಗ್ಗೆ ಪ್ರಾಣ ಬಿಟ್ಟಿತು. ಸ್ವಿಚ್ಚು ಒತ್ತಿದರೆ ಮೋಟಾರು ಗುರ್ರ್ ಎನ್ನುತ್ತಿತ್ತು, ಹಾಲು ಕಡೆಯಬೇಕಾದ ರೆಕ್ಕೆ ಮಾತ್ರ ಅಲ್ಲಾಡುತ್ತಿರಲಿಲ್ಲ. (ಮನೆಯ ಯಜಮಾನರ ಸ್ವಭಾವವೂ ಸರಿಸುಮಾರು ಇದೇ.) ಮಧ್ಯಾಹ್ನ ಅರ್ಪಿತಳ ಫೋನು ಬಂತು.

"ಅಮ್ಮಾ, ಭಾನುವಾರ ಅತ್ತೆ ಮಾವ ಊಟಕ್ಕೆ ಬತ್ತಾವ್ರೆ. ನಾನೂ ಬತ್ತೀನಿ. ಬೇರೆ ಸ್ವೀಟ್ ಏನೂ ಮಾಡ್ಬೇಡ, ಐಸ್‌ಕ್ರೀಮೇ ಸಾಕಂತೆ."

"ಬಾ ಮಗಾ, ಮಾಡಣ, ಅದಕ್ಕೇನು," ಎಂದು ಫೋನಿಟ್ಟ ಮಂಗಳಗೌರಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಗಂಡ ಸೋಮಶೇಖರ್ ಸಹಕಾರ ಸಂಘದ ಕೆಲಸದಿಂದ ನಿವೃತ್ತರಾದ ಮೇಲೆ ಸಲಹೆ ಕೊಡುವ ಕೆಲಸವನ್ನು ಪೂರ್ಣಾವಧಿಗೆ ಹಿಡಿದಿದ್ದರು.

"ಅಂಗಡಿಯಿಂದ ಒಂದ್ ಡಬ್ಬ ತಂದು ನಮ್ ಪಾತ್ರೆಗೆ ಸುರ್ದ್ರೆ ಆಯ್ತು. ಯಾರಿಗ್ ಗೊತ್ತಾಯ್ತದೆ?"

"ಇಂದ್ರಾಣಕ್ಕನ ನಾಲಿಗೆಗೆ ಗೊತ್ತಾಯ್ತದೆ. ಮಜ್ಜಿಗೆ ಕುಡುದು, ಇದು ಯಾರ ಮನೆ ಎಮ್ಮೆ ಅಂತ ಹೇಳೋ ಪೈಕಿ ಅವರು."

"ಹಂಗಾದ್ರೆ ಮೈಸೂರಿಗೆ ರಿಪೇರಿಗೆ ಹಾಕಣ. ಒಂದ್ ವಾರ ಬುಟ್ಟು ಕೊಡ್ತಾರೆ."

"ಭಾನುವಾರ ಇರೋದು ನಾಡಿದ್ದು ಕಣ್ರೀ!"

ಮಂಗಳಗೌರಿ ಬೀದಿಯ ಅರ್ಧ ಹೆಂಗಸರಿಗೆ ಬ್ಲೌಸು ಹೊಲಿದುಕೊಟ್ಟವಳು. ತನ್ನ ಹೊಲಿಗೆ ಮಿಷನ್ನಿಗೆ ಹೊರಗಿನವರ ಕೈ ಸೋಕಿಸದೆ, ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ, ಮಗುವಿನಂತೆ ಸಾಕಿದವಳು. ಅದಾದರೆ ಇದೇಕೆ ಆಗಬಾರದು? ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯಲ್ಲಿ ಹಳೆಯ ಬೆಡ್‌ಶೀಟು ಹಾಸಿ, ವೈರು ಕಿತ್ತು ಮಿಷನ್ನನ್ನು ಮಲಗಿಸಿದಳು. ಆಪರೇಷನ್ನಿಗೆ ಮುನ್ನ ರೋಗಿಯ ಕಡೆಯವರ ಒಪ್ಪಿಗೆ ಕೇಳುವ ಪದ್ಧತಿ ಉಂಟು, ಅವಳು ಕೇಳಲಿಲ್ಲ.

"ಗೌರಿ, ಬ್ಯಾಡ ಕಣೇ. ಬಿಚ್ಚೋದ್ ಸುಲಭ, ಸೇರ್ಸೋದ್ ಕಷ್ಟ."

"ಅದು ನಿಮ್ ದಾಯಾದಿಗಳ ವಿಷಯ. ನೀವು ಬೆಳಕಿಗೆ ಅಡ್ಡ ನಿಂತ್ಕಬ್ಯಾಡಿ."

ಬಿಚ್ಚಿದ ಸ್ಕ್ರೂಗಳು ಒಗ್ಗರಣೆ ಡಬ್ಬಿಯ ಬಟ್ಟಲುಗಳಿಗೆ ಹೋದವು: ಮೇಲಿನವು ಸಾಸಿವೆಯ ಬಟ್ಟಲಿಗೆ, ಒಳಗಿನವು ಮೆಂತ್ಯದ ಬಟ್ಟಲಿಗೆ. ಮುಚ್ಚಳದ ಮೇಲೆ ಕೂರುವ ಮೋಟಾರು ಪೆಟ್ಟಿಗೆ ತೆರೆದಾಗ ಒಳಗೊಂದು ಬಿಳಿಯ ಹಲ್ಲುಚಕ್ರ ಕಂಡಿತು.

"ಹಲ್ಲು ಮುರ್ದೋಗದಾ?" ಎಂದು ಸೋಮಶೇಖರ್ ಬಗ್ಗಿದರು. "ಹಲ್ಲಾದ್ರೆ ಕೀಳ್ಸೋದೇ ವಾಸಿ. ನಂದೂ ಹಂಗೇ ಮಾಡಿದ್ರು."

"ಹಲ್ಲೆಲ್ಲಾ ನೆಟ್ಟಗವೆ. ನಡುವಿನ ತೂತು ಬಿರುಕು ಬಿಟ್ಟದೆ. ಕಂಬಿ ತಿರುಗ್ತದೆ, ಚಕ್ರ ತಿರುಗಲ್ಲ. ಐಸ್‌ಕ್ರೀಮ್ ಗಟ್ಟಿಯಾದ್ ಮೇಲೂ ಯಾರೋ ಬಲವಂತವಾಗಿ ಓಡ್ಸವ್ರೆ."

ಹೋದ ಸಲ 'ಇನ್ನೊಂಚೂರು ಗಟ್ಟಿಯಾಗ್ಲಿ' ಎಂದು ಸ್ವಿಚ್ಚು ಆರಿಸಲು ಬಿಡದಿದ್ದ ಯಜಮಾನರು ತಕ್ಷಣ ಕಿಟಕಿಯಾಚೆಯ ಪ್ರಕೃತಿ ಸೌಂದರ್ಯವನ್ನು ವೀಕ್ಷಿಸತೊಡಗಿದರು. (ಕಿಟಕಿಯಾಚೆ ಇದ್ದದ್ದು ಪಕ್ಕದ ಮನೆಯ ಬಚ್ಚಲ ಗೋಡೆ.)

ಮಂಗಳಗೌರಿ ಬಿರುಕು ಬಿಟ್ಟ ಜಾಗಕ್ಕೆ ಸಣ್ಣ ಹಿತ್ತಾಳೆ ತಂತಿಯನ್ನು ಬಿಗಿಯಾಗಿ ಸುತ್ತಿದಳು. ಮೇಲೆ ಎಂ-ಸೀಲನ್ನು ಚಪಾತಿ ಹಿಟ್ಟಿನಂತೆ ನಾದಿ ಮೆತ್ತಿದಳು. ಹಾಲಿಗೆ ತಾಗದ ಜಾಗವಾದ್ದರಿಂದ ಚಿಂತೆಯಿರಲಿಲ್ಲ. ರಾತ್ರಿಯೆಲ್ಲ ಒಣಗಿದ್ದನ್ನು ಶನಿವಾರ ಅರ ಹಾಕಿ ನಯ ಮಾಡಿ, ಮೆಂತ್ಯದ ಬಟ್ಟಲನ್ನೂ ಸಾಸಿವೆಯ ಬಟ್ಟಲನ್ನೂ ಬರಿದು ಮಾಡಿ, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಗತ್ತು ಮುಖದಲ್ಲಿತ್ತು.

ಆಗ ಸೋಮಶೇಖರ್ ಬೆಡ್‌ಶೀಟಿನ ಮೂಲೆಯಿಂದ ಸಾಸಿವೆಗಿಂತ ತುಸು ದೊಡ್ಡದಾದ ಸ್ಕ್ರೂ ಒಂದನ್ನು ಎತ್ತಿ ಹಿಡಿದರು.

"ಮತ್ತೆ ಇದ್ಯಾವ್ದು ತಾಯಿ?"

ಮಂಗಳಗೌರಿ ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಮಿಷನ್ನು ಮತ್ತೆ ಬಿಚ್ಚಿಕೊಂಡಿತು. ಒಂದೊಂದೇ ತೂತಿಗೆ ಕಣ್ಣಿಟ್ಟು ನೋಡಿದಳು, ಎಲ್ಲವೂ ಭರ್ತಿ. ಗೆದ್ದ ಹುರುಪಿನಲ್ಲಿ ಯಜಮಾನರು, "ನಾನ್ ಮೊದ್ಲೇ ಹೇಳ್ನಿಲ್ವಾ?" ಎಂದು ಇಣುಕಿದರು. ಅವರ ಕನ್ನಡಕದ ಬಲಗಾಲು ಕಳಚಿಕೊಂಡು ಚಕ್ರದ ಪಕ್ಕದಲ್ಲೇ ಬಿತ್ತು.

ಅವಳು ಮಿಷನ್ನನ್ನು ಮತ್ತೆ ಜೋಡಿಸಿದಳು. ಉಳಿದ ಆ ಸ್ಕ್ರೂವನ್ನು ಕನ್ನಡಕಕ್ಕೆ ತಿರುಗಿಸಿ, ಗಂಡನ ಮೂಗಿಗೆ ಏರಿಸಿದಳು. "ಈಗ ನೆಟ್ಟಗೆ ನೋಡಿ," ಎಂದಳು.

ಭಾನುವಾರ ಬೆಳಿಗ್ಗೆ ಒಪ್ಪಂದವಾಯಿತು: ಮಿಷನ್ನು ಕೆಟ್ಟಿತ್ತೆಂಬ ಮಾತು ಬೀಗರ ಕಿವಿಗೆ ಬೀಳಕೂಡದು. ಕೊಟ್ಟವರ ಮನಸ್ಸು ನೊಂದೀತು; ಅರ್ಪಿತ ಅಲ್ಲಿ ಬಾಳಬೇಕಾದವಳು. ಸೋಮಶೇಖರ್ ತುಟಿಯ ಮೇಲೆ ಬೆರಳಿಟ್ಟು ಒಪ್ಪಿಕೊಂಡರು.

ಇಂದ್ರಾಣಿಯವರೂ ಅವರ ಯಜಮಾನರು ಶಿವಮಲ್ಲಪ್ಪನವರೂ ಸೊಸೆಯೊಡನೆ ಬಂದರು. ಊಟ ಮುಗಿಯಿತು. ಎಲ್ಲರ ಎದುರಿಗೇ ಮಂಗಳಗೌರಿ ಹಿಸುಕಿದ ರಸಬಾಳೆ, ಹಾಲು, ಕೆನೆ, ಸಕ್ಕರೆಯನ್ನು ತಣ್ಣನೆಯ ಪಾತ್ರೆಗೆ ಹುಯ್ದು ಸ್ವಿಚ್ಚು ಒತ್ತಿದಳು. ಗುರ್ರ್. ಕಟಕಟ. ಆಮೇಲೆ ಸದ್ದೇ ಇಲ್ಲ. ಬೀಗಿತ್ತಿಯ ಹುಬ್ಬು ಮೇಲೆದ್ದಿತು. ಮಂಗಳಗೌರಿ ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಒಂದು ಬಟ್ಟಲು ಐಸ್‌ಕ್ರೀಮನ್ನು ಮುಡಿಪಿಟ್ಟಳು. ಕಟಕ್ ಎಂದು ಚಕ್ರ ಕಚ್ಚಿಕೊಂಡು, ರೆಕ್ಕೆ ಸಾವಕಾಶವಾಗಿ ಪ್ರದಕ್ಷಿಣೆ ಹೊರಟಿತು.

"ಹೋದ್ಸಲಕ್ಕಿಂತ ನುಣ್ಣಗೆ ಬಂದದೆ ಅಕ್ಕಾ!" ಎಂದರು ಇಂದ್ರಾಣಿ, ಚಮಚ ನೆಕ್ಕುತ್ತ.

ಎರಡನೆಯ ಬಟ್ಟಲು ಮುಗಿಸಿದ ಸೋಮಶೇಖರರಿಗೆ ತಡೆಯಲಾಗಲಿಲ್ಲ. "ಬರ್ದೆ ಏನ್ಮಾಡ್ತದೆ? ಕೆಟ್ ಕೂತಿತ್ತು. ನಾವೇ ಬಿಚ್ಚಿ ರಿಪೇರಿ ಮಾಡುದ್ವು."

ಶಿವಮಲ್ಲಪ್ಪನವರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಬೀಗ್ರೇ! ಈ ವಿದ್ಯೆ ಬೇರೆ ಅದಾ ನಿಮ್ಗೆ?"

"ಏನೋ... ಒಂಚೂರು ಕೈಗುಣ," ಎಂದು ಸೋಮಶೇಖರ್ ಮದುವಣಗಿತ್ತಿಯಂತೆ ತಲೆ ತಗ್ಗಿಸಿದರು.

ಮಂಗಳಗೌರಿಗೆ 'ನಾವು' ಎಂಬ ಪದ ಕಂಡುಹಿಡಿದವನ ಮೇಲೆ ಕೆಟ್ಟ ಕೋಪ ಬಂತು. ಆ ಒಂದು ಪದದೊಳಗೆ ಗಂಡ ಕಾಲು ಚಾಚಿ ಮಲಗಿಬಿಟ್ಟಿದ್ದರು. ಅವಳಿಗೆ ಕೂರಲೂ ಜಾಗ ಉಳಿದಿರಲಿಲ್ಲ. ಬೀಗರೆದುರು ಬೀಗಬಾರದೆಂದು ಅವಳಿಗೂ ಗೊತ್ತಿತ್ತು. ಆದರೂ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದಳು.

"ನಾವಲ್ಲ. ನಾನು."

ಪೆಟ್ಟಿಗೆ ಬಿಚ್ಚಿ, ಚಕ್ರ ತೋರಿಸಿ, ತಂತಿ ಸುತ್ತಿದ್ದು ಹೇಗೆ, ಎಂ-ಸೀಲ್ ನಾದಿದ್ದು ಹೇಗೆ, ಕನ್ನಡಕದ ಕಾಲು ಬಿದ್ದದ್ದು ಎಲ್ಲಿ, ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿದಳು. ಸೋಮಶೇಖರ್ ಖಾಲಿ ಬಟ್ಟಲಿನ ತಳವನ್ನು ಕೆರೆಯುತ್ತ ಕೂತರು. ಅರ್ಪಿತ ಅತ್ತೆಯ ಮುಖ ನೋಡಿದಳು.

ಇಂದ್ರಾಣಿ ಚಕ್ರವನ್ನೇ ದಿಟ್ಟಿಸುತ್ತಿದ್ದರು. ಕೊನೆಗೆ ಹತ್ತಿರ ಬಂದು ಮಂಗಳಗೌರಿಯ ಎರಡೂ ಕೈ ಹಿಡಿದರು. "ಅಕ್ಕಾ, ಚಿನ್ನದ ಕೈ ಕಣಕ್ಕಾ ಇವು! ಇದ್ನ ಇಷ್ಟ್ ದಿನ ಯಾಕ್ ಮುಚ್ಚಿಟ್ಟಿದ್ರಿ?"

ಅಲ್ಲೇ ನಿಂತು ತಲಕಾಡಿನ ತಂಗಿಗೆ ಫೋನು ಹಚ್ಚಿ, "ನಮ್ ಬೀಗಿತ್ತಿ ಇಂಜಿನಿಯರ್ ಕಣೇ!" ಎಂದು ಕೂಗಿದರು. ಮಂಗಳಗೌರಿಯ ತಲೆ ತೊಲೆಗೆ ತಾಗುವಷ್ಟು ಎತ್ತರಕ್ಕೆ ಹೋಯಿತು. ಆ ವಾರವೆಲ್ಲ ಅದು ಕೆಳಗಿಳಿಯಲಿಲ್ಲ.

ಮುಂದಿನ ಭಾನುವಾರ ಮನೆ ಮುಂದೆ ಲಗೇಜ್ ಆಟೋ ನಿಂತಿತು. ಡ್ರೈವರ್ ಚಾಮಯ್ಯ ಹಗ್ಗ ಬಿಚ್ಚಿದ. ನರಸೀಪುರದ ಗ್ರೈಂಡರ್, ತಲಕಾಡಿನ ತಂಗಿಯ ಎರಡು ಮಿಕ್ಸಿ, ಅವಳ ಓರಗಿತ್ತಿಯ ಟೇಬಲ್ ಫ್ಯಾನು, ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಇಸ್ತ್ರಿಪೆಟ್ಟಿಗೆ.

"ಇಂದ್ರಾಣಮ್ನೋರು ಕೊಟ್ ಕಳುಸವ್ರೆ. ಅವಸರ ಇಲ್ವಂತೆ, ಬುಧವಾರಕ್ಕೆ ಆದ್ರೆ ಸಾಕಂತೆ."

ಜಗುಲಿಯ ಮೇಲೆ ಪೇಪರು ಓದುತ್ತಿದ್ದ ಸೋಮಶೇಖರ್ ಕಾಲು ಮೇಲೆ ಕಾಲು ಹಾಕಿದರು. "ಸದ್ಯ, ಅವತ್ತು ನೀನ್ ಬಾಯ್ಬುಟ್ಟೆ ಗೌರಿ. ಇಲ್ದಿದ್ರೆ ಇದಿಷ್ಟೂ ನನ್ ತಲೆಗೆ ಬತ್ತಿತ್ತು."

ಚಾಮಯ್ಯ ತಲೆ ಕೆರೆದುಕೊಂಡ.

"ಅಮ್ಮಾ, ತಪ್ಪ್ ತಿಳ್ಕಬ್ಯಾಡಿ. ನನ್ ಆಟೋ ಹಾರನ್ನೂ ಬಡ್ಕತಾ ಇಲ್ಲ..."

ಅವಳು ಗ್ರೈಂಡರನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಎಲ್ಲಿ, ಒಂದ್ಸಲ ಒತ್ತಪ್ಪಾ, ನೋಡಣ."