ಸೋಮವಾರ ಹೂಡದ ಜೀಪು

ನಮ್ಮ ಸೋದರಮಾವನ ಜೀಪು ವಾರಕ್ಕೆ ಆರೇ ದಿನ ಓಡುತ್ತಿತ್ತು. ಸೋಮವಾರ ಅದು ಹಿತ್ತಲಲ್ಲಿ ನಿಂತು ಹುಲ್ಲು ಮೇಯುತ್ತಿತ್ತು!

ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು. ತಿದ್ದುಪಡಿಯನ್ನು ಕೂಡಲೇ ಹಾಕಿಬಿಡಬೇಕು. ಜೀಪು ಹುಲ್ಲು ಮೇಯುತ್ತಿರಲಿಲ್ಲ. ಅದರ ಮುಂದೆ ಹುಲ್ಲು ಹಾಕುತ್ತಿದ್ದದ್ದು ಮಾತ್ರ ನಿಜ. ಸಂಜೆಯ ಹೊತ್ತಿಗೆ ಆ ಹುಲ್ಲು ಖಾಲಿಯಾಗುತ್ತಿದ್ದದ್ದೂ ನಿಜ. ತಿಂದವರು ಯಾರು ಎಂದು ವಿಚಾರಿಸಿದೆ. ಪಕ್ಕದ ಮನೆಯ ಎಮ್ಮೆ ಎಂಬುದು ಮಾಮಿಯ ಹೇಳಿಕೆ. ಮಾಮಾ ಈ ಬಗ್ಗೆ ಪ್ರತಿಕ್ರಿಯೆ ನೀಡಲು ನಿರಾಕರಿಸಿದರು.

ಮಾಮಾ ಇಚಲಕರಂಜಿಯಲ್ಲಿ ಕೆಲವು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯಿಸುತ್ತಿದ್ದರು. ಹುಟ್ಟೂರು ಗಡಹಿಂಗ್ಲಜ ಬಳಿಯ ನೂಲ. ಹೊಲ, ಎತ್ತು, ತಾಯಿ ಎಲ್ಲ ಅಲ್ಲೇ. ನಾನು ಕೊಲ್ಹಾಪುರದ ಒಂದು ಪತ್ರಿಕೆಯಲ್ಲಿ ಇತರರ ವಾಕ್ಯಗಳನ್ನು ಕತ್ತರಿಸುತ್ತಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಹಾಯುದ್ಧ ನಿಂತು ಎಷ್ಟೋ ವರ್ಷವಾಗಿದ್ದರೂ ಸೈನ್ಯ ಬಿಟ್ಟುಕೊಟ್ಟ ಜೀಪುಗಳು ಗುಜರಿಯವರ ಕೈಯಿಂದ ಕೈಗೆ ದಾಟುತ್ತಲೇ ಇದ್ದವು. ಅಂಥದೊಂದು ಜೀಪಿನ ಮೇಲೆ ಮಾಮಾನ ಕಣ್ಣು ಬಿತ್ತು.

ನೇಕಾರಿಕೆಯವರಿಗೆ ಜೀಪು ಯಾಕೆ? ಸೀರೆಗಳೇನು ಗುಡ್ಡ ಹತ್ತುತ್ತವೆಯೇ?

ಕಾರಣ ನಮ್ಮ ದೊಡ್ಡವ್ವ, ಅಂದರೆ ಮಾಮಾನ ಅಕ್ಕ. ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಕೊಟ್ಟ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಬಾ ಎಂದು ಹೇಳಿ ಕಳಿಸಿದರೆ ಸಾಲದು; ತವರಿನ ಗಾಡಿ ಅವಳ ಬಾಗಿಲಿಗೆ ಬಂದು ನಿಲ್ಲಬೇಕು. ದೊಡ್ಡವ್ವನನ್ನು ಕೊಟ್ಟದ್ದು ಕೋವಾಡದ ಆಚೆ, ಗುಡ್ಡದ ನೆತ್ತಿಯ ಮೇಲಿನ ಊರಿಗೆ. ಶ್ರಾವಣದಲ್ಲಿ ಆ ದಾರಿ ದಾರಿಯಲ್ಲ, ಕೆಂಪು ಅಂಬಲಿ. ಎತ್ತುಗಳು ಅರ್ಧಕ್ಕೇ ಮಂಡಿಯೂರುತ್ತಿದ್ದವು. ಹೀಗಾಗಿ ಗಾಡಿ ಗುಡ್ಡದ ಬುಡದಲ್ಲೇ ನಿಲ್ಲುತ್ತಿತ್ತು, ದೊಡ್ಡವ್ವ ಗಂಟು ಹೊತ್ತು ಇಳಿದು ಬರುತ್ತಿದ್ದಳು. ಆಮೇಲೆ ಅವಳ ಮೊಣಕಾಲು ಕೈಕೊಟ್ಟವು. ಕೆಲವು ಪಂಚಮಿಗಳಿಂದ ಅವಳು ತವರನ್ನೇ ಕಂಡಿರಲಿಲ್ಲ.

ಸಾಲದ್ದಕ್ಕೆ ಅವಳ ಮೈದುನ ಊರ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ, "ವೈನೀ, ನಿಮ್ಮ ತವರಮನಿ ಗಾಡಿ ಈ ವರ್ಷಾನೂ ಬುಡದಾಗ ನಿಂತ್ ತೇಕಾಕತ್ತೈತೇನ್ರಿ?" ಎಂದನಂತೆ. ಆ ಮಾತು ಗುಡ್ಡ ಇಳಿದು ಇಚಲಕರಂಜಿಗೆ ಬಂತು. ಮಾತಿಗೆ ದಾರಿ ಬೇಡವಲ್ಲ!

ಮಾಮಾ ಶಪಥ ಮಾಡಿದರು: "ಅಕ್ಕನ ಬಾಗಲದಾಗ ಗಾಡಿ ನಿಲ್ಲಸೂತನಾ ನಾ ಪಂಚಮಿ ಉಂಡಿ ಮುಟ್ಟೂದಿಲ್ಲ."

ಶೇಂಗಾ ಉಂಡಿಯನ್ನು ಊಟದಂತೆ ತಿನ್ನುತ್ತಿದ್ದ ಮನುಷ್ಯನ ಬಾಯಿಂದ ಈ ಮಾತು! ಮಾಮಿ ಗಾಬರಿಯಾಗಿ ಡಾಕ್ಟರರನ್ನು ಕರೆಸುವ ಯೋಚನೆ ಮಾಡಿದ್ದಳು.

ಜೀಪು ಕೊಳ್ಳಲು ಕೊಲ್ಹಾಪುರಕ್ಕೆ ಬಂದಾಗ ಸಾಕ್ಷಿಗೆ ನನ್ನನ್ನು ಕರೆದೊಯ್ದರು. ಗುಜರಿ ಅಂಗಳದಲ್ಲಿ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂಭಾಗಕ್ಕೆ ಅಂಗೈಯಿಂದ ಬಡಿದು ನೋಡಿದರು. ಬಾನೆಟ್ಟು ಎತ್ತಿಸಿ ಬಹಳ ಹೊತ್ತು ಒಳಗೆ ಇಣುಕಿ, "ವಯಸ್ಸ ಭಾಳ ಆಗಿಲ್ಲ" ಎಂದರು. ಬೆಲೆಯ ಮಾತು ಬಂದಾಗ ಹೆಗಲ ಮೇಲಿನ ವಸ್ತ್ರ ತೆಗೆದು ಗುಜರಿಯವನ ಕೈಮೇಲೆ ಹೊದಿಸಿ, ಅದರ ಅಡಿಯಲ್ಲಿ ಅವನ ಬೆರಳು ಹಿಡಿದುಕೊಂಡರು. ದನದ ಸಂತೆಯಲ್ಲಿ ಬೆಲೆ ಹೇಳುವುದು ಹಾಗೆಯೇ, ಬೆರಳಿನಲ್ಲಿ, ಮುಚ್ಚಿಕೊಂಡು. ಗುಜರಿಯವನು ಸಂತೆ ಕಂಡವನಲ್ಲ. ಬೆಚ್ಚಿ ಕೈ ಎಳೆದುಕೊಂಡ.

"ಅಹೋ ಕಾಕಾ, ಹಾತ ಕಶಾಲಾ ಧರತಾಯ?" ಕೈ ಯಾಕೆ ಹಿಡಿಯುತ್ತೀರಿ ಎಂದು ಅವನು ಕೇಳಿದ್ದು ಮರಾಠಿಯಲ್ಲಿ.

"ಕೈ ಹಿಡೀದ ಹೆಂಗ್ರಿ ವ್ಯಾಪಾರ? ಬಾಯಿಲೆ ಹೇಳಿದ್ರ ಅದು ಕೇಳಿಸ್ಕೊಂಡು ನೊಂದ್ಕೊತೈತಿ."

"ಕಾಕಾ, ಹೀ ಜೀಪ ಆಹೇ!"

"ಕಿವಿ ಅದಾವಲ್ಲೋ ಮಾರಾಯಾ," ಎಂದು ಮಾಮಾ ಎರಡು ಬದಿಯ ಕನ್ನಡಿಗಳನ್ನು ತೋರಿಸಿದರು.

ವ್ಯಾಪಾರ ಕುದುರಿತು. ಹುಚ್ಚನೊಂದಿಗೆ ಎಳೆದಾಡುವುದಕ್ಕಿಂತ ಕೊಟ್ಟು ಕಳಿಸುವುದು ಲೇಸೆಂದು ಗುಜರಿಯವನಿಗೆ ಅನ್ನಿಸಿರಬೇಕು. ಇದು ನನ್ನ ಊಹೆ. ಊಹೆ ಎಂದೇ ಓದಿಕೊಳ್ಳಿ.

ಆಮೇಲೆ ಶುರುವಾಯಿತು ಶೃಂಗಾರ. ಗುಡ್ಡದ ದಾರಿಗೆ ಏನೇನು ಬೇಕೋ ಅದನ್ನೆಲ್ಲ ಮಾಮಾ ಲೂಮಿನ ಕಾರ್ಖಾನೆಯಿಂದಲೂ ಕೊಟ್ಟಿಗೆಯಿಂದಲೂ ಕೂಡಿಸಿದರು. ಫ್ಯಾನಿನ ಬೆಲ್ಟು ಹರಿದಾಗ ಲೂಮಿನ ತೊಗಲ ಪಟ್ಟಿ ಹೊಲಿದು ಹಾಕಿದರು. ಅಂದಿನಿಂದ ಜೀಪು ನಿಂತಲ್ಲೇ ಸೀರೆ ನೇಯುವ ಹಾಗೆ ಟಕಟಕ ಸದ್ದು ಮಾಡತೊಡಗಿತು. ಕೆಸರಿನಲ್ಲಿ ಜಾರದಿರಲೆಂದು ಗಾಲಿಗಳಿಗೆ ಬಾವಿಯ ಸರಪಳಿ. ಇಂಜಿನ್ನಿಗೆ ಎಣ್ಣೆ ಹಾಕಲು ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ. ರೇಡಿಯೇಟರ್ ಸೋರಿದಾಗ ತೂತು ಮುಚ್ಚಲೆಂದು ಅರಿಶಿನ ಪುಡಿ ಸುರಿದರು. ತೂತೇನೋ ಮುಚ್ಚಿತು. ಆದರೆ ನೀರು ಕುದ್ದಾಗಲೆಲ್ಲ ಹಳದಿ ಉಗಿ ಚಿಮ್ಮಿ, ಜೀಪಿನ ಮುಖ ಎಣ್ಣೆಶಾಸ್ತ್ರ ಮುಗಿಸಿದ ಮದುಮಗಳ ಹಾಗೆ ಕಾಣುತ್ತಿತ್ತು. ಕೊನೆಗೆ ಬಂಪರಿಗೆ ಎತ್ತಿನ ಕೊರಳ ಗಂಟೆಸರ. ಹಾರ್ನ್ ಇತ್ತಲ್ಲ ಎಂದು ಕೇಳಿದೆ. "ಹಾರ್ನ್ ಮಂದೀಗಿ. ಗಂಟಿ ಅದಕ್ಕ. ತನ್ನ ಸಪ್ಪಳ ತಾ ಕೇಳಿದ್ರ ಹುರುಪ ಬರ್ತೈತಿ."

ಓಡಿಸುವ ಕ್ರಮವೂ ಬೇರೆ. ಬ್ರೇಕು ತುಳಿಯುವ ಮೊದಲು "ಹೋ... ಹೋ..." ಎನ್ನಬೇಕು. ಹೇಳದೆ ತುಳಿಯುವುದು ಮರ್ಯಾದೆಯಲ್ಲ! ಹೇಳಿ ಮುಗಿಸುವಷ್ಟರಲ್ಲಿ ಜೀಪು ಎದುರಿನ ಮನೆಯ ಪಡಸಾಲೆ ಹತ್ತಿರುತ್ತಿದ್ದದ್ದು ಬೇರೆ ವಿಷಯ.

ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನ ಪ್ರಕರಣವನ್ನು ನಾನು ಕಣ್ಣಾರೆ ಕಂಡೆ. ಸ್ಟ್ಯಾಂಡಿನ ಪಕ್ಕದಲ್ಲಿ ದನಗಳಿಗೆ ನೀರಿನ ತೊಟ್ಟಿ. ಮಾಮಾ ಅಲ್ಲಿ ಜೀಪು ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕತೊಡಗಿದರು. ಎತ್ತು ನೀರು ಕುಡಿಯುವಾಗ ಶಿಳ್ಳೆ ಹಾಕುವುದು ನಮ್ಮ ರೈತರ ವಾಡಿಕೆ. ಮಾಮಾ ಉದ್ದಕ್ಕೆ, ಪ್ರೀತಿಯಿಂದ, ನಿಲ್ಲಿಸದೆ ಶಿಳ್ಳೆ ಹಾಕಿದರು. ಅದೇ ಹೊತ್ತಿಗೆ ಒಂದು ಎಸ್‌ಟಿ ಬಸ್ಸು ಕಂಡಕ್ಟರನ ಶಿಳ್ಳೆ ನಂಬಿ ಹಿಂದೆ ಹಿಂದೆ ಬರುತ್ತಿತ್ತು. ಕಂಡಕ್ಟರ್ ನಿಲ್ಲಿಸಿದ; ಮಾಮಾ ನಿಲ್ಲಿಸಲಿಲ್ಲ. ಬಸ್ಸು ಬಂತು, ಬಂತು, ಬಂದು ಕಬ್ಬಿನ ಗಾಡಿಯೊಂದರ ಮೇಲೆ ನಿಧಾನವಾಗಿ ಕುಳಿತುಕೊಂಡಿತು.

"ಶಿಟ್ಟಿ ಕೋಣೀ ಮಾರಲೀ?" ಎಂದು ಮರಾಠಿಯಲ್ಲಿ ಕೂಗುತ್ತ, ಶಿಳ್ಳೆ ಹಾಕಿದವನನ್ನು ಹುಡುಕುತ್ತ ಡ್ರೈವರ್ ಇಳಿದ.

"ನಾನ ರೀ," ಎಂದರು ಮಾಮಾ. "ಇನ್ನೊಂದ್ ಕೊಡಾ ಉಳದೈತಿ. ಸ್ವಲ್ಪ ತಡೀರಿ."

ಇನ್ನು ಸೋಮವಾರದ ಮಾತು. ಸೋಮವಾರ ಬಸವಣ್ಣನ ವಾರ, ನಮ್ಮವರು ಎತ್ತಿಗೆ ನೊಗ ಇಡುವುದಿಲ್ಲ. ಮಾಮಾ ಆ ರಜೆಯನ್ನು ಜೀಪಿಗೂ ಕೊಟ್ಟಿದ್ದರು. ನೂಲು ತುರ್ತಾಗಿ ಬೇಕೆಂದು ಲೂಮುಗಳು ನಿಂತರೂ ಜೀಪು ಅಲುಗಾಡುತ್ತಿರಲಿಲ್ಲ.

"ಮಾಮಾ, ಅದು ಕಬ್ಬಿಣ ರೀ," ಎಂದೆ ನಾನು ಒಮ್ಮೆ.

"ದುಡೀತೈತಿಲ್ಲೋ?"

"ದುಡೀತೈತಿ."

"ಹಂಗಾರ ಮುಗೀತು. ದುಡಿಯೂ ಜೀವಕ್ಕ ವಾರದಾಗ ಒಂದ್ ದಿನ ಅಂತ ಬೇಕಪಾ. ಕಬ್ಬಿಣ ಇರ್ಲಿ, ಕಟ್ಟಗಿ ಇರ್ಲಿ."

ಪತ್ರಿಕೆಗೆ ಆಗ ವಾರದ ರಜೆ ಇರಲಿಲ್ಲ. ನಾನು ಎದ್ದು ಕೊಲ್ಹಾಪುರದ ಬಸ್ಸು ಹಿಡಿದೆ.

ಪಂಚಮಿಗೆ ದೊಡ್ಡವ್ವನನ್ನು ಕರೆತರಲು ಹೊರಟ ಮೊದಲ ಸಲ ಇದೇ ನ್ಯಾಯಬುದ್ಧಿ ನಮ್ಮನ್ನು ಕೆಡಿಸಿತು. ಸಾಧಾರಣ ರಸ್ತೆಯಲ್ಲಿ ಜೀಪಿನ ಹಿಂದಿನ ಎರಡು ಗಾಲಿ ಮಾತ್ರ ಎಳೆಯುತ್ತವೆ. ಪಕ್ಕದ ಸಣ್ಣ ಲಿವರ್ ಎಳೆದರೆ ಮುಂದಿನವೂ ಸೇರುತ್ತವೆ. ಅದು ಕೆಸರಿಗೆ, ಏರಿಗೆ ಮಾತ್ರ ಎಂದು ಕೊಲ್ಹಾಪುರದ ಮಿಸ್ತ್ರಿ ಬಾಯಿ ಹರಿಯುವಷ್ಟು ಹೇಳಿದ್ದ. ಮಾಮಾಗೆ ಅದು ಹಿಡಿಸಲಿಲ್ಲ. "ಹಿಂದಿನ ಜೋಡಿ ಎಳದ ಸಾಯೂದು, ಮುಂದಿನ ಜೋಡಿ ಸುಮ್ನ ಕೈ ಬೀಸ್ಕೊಂತ ಹೋಗೂದು! ಇದ್ಯಾವ ನ್ಯಾಯ?" ಎಂದು ಇಚಲಕರಂಜಿಯಲ್ಲೇ ಲಿವರ್ ಎಳೆದು, ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿಗಳಿಂದ ದುಡಿಸಿಕೊಂಡು ಹೊರಟರು. ಕೋವಾಡದವರೆಗೆ ಜೀಪು ಹಲ್ಲು ಕಡಿಯುತ್ತ ಬಂತು. ಗುಡ್ಡದ ಮೊದಲ ಏರಿನಲ್ಲೇ ಮುಂದಿನ ಶಾಫ್ಟು ಕಟಾರನೆ ಮುರಿಯಿತು. ಸಮಾನತೆ ಸಾಧಿಸಿದ ಜೋಡಿಗಳು ಸಮಾನವಾಗಿ ಕೆಸರಿನಲ್ಲಿ ಹೂತವು.

ಹಿಡಿತ ಸಿಗಲೆಂದು ಗಾಲಿಗಳ ಕೆಳಗೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ತುಂಬಿದೆವು. ಮಾಮಾ ಒಳಗೆ ಕೂತು ಕೂಗಿ ಹುರಿದುಂಬಿಸುವಷ್ಟರಲ್ಲಿ ಮೇಲಿನ ಊರಿನ ಎಮ್ಮೆಗಳು ಇಳಿದು ಬಂದು ರವದಿಯನ್ನು ಗಾಲಿಯಡಿಯಿಂದ ಎಳೆದು ಎಳೆದು ತಿಂದವು. ಒಂದು ಎಮ್ಮೆ ತಿಂದಾದ ಮೇಲೆ ಜೀಪಿನ ಅರಿಶಿನ ಮುಖವನ್ನೂ ನೆಕ್ಕಿತು. ಗುಡ್ಡದ ಅಂಚಿನಲ್ಲಿ ದೊಡ್ಡವ್ವ ಗೋಡೆ ಹಿಡಿದು ನಿಂತಿದ್ದಳು. ಸೆರಗು ಮಾತ್ರ ಕಾಣುತ್ತಿತ್ತು. ಮೈದುನನ ನಗು ಅಲ್ಲಿಂದಲೂ ಸ್ಪಷ್ಟವಾಗಿ ಕೇಳುತ್ತಿತ್ತು.

ಆ ವರ್ಷ ಮಾಮಾ ಉಂಡಿ ಮುಟ್ಟಲಿಲ್ಲ.

ಮರುವರ್ಷ ಪಂಚಮಿ ಮಂಗಳವಾರ ಬಂತು. ನಾವು ಭಾನುವಾರವೇ ಹೊರಟೆವು. ಅಂದೇ ಕರೆದುಕೊಂಡು ಇಳಿದುಬಿಟ್ಟರೆ ಸೋಮವಾರದ ತೊಡಕಿಲ್ಲ. ಈ ಸಲ ಮುಂದಿನ ಜೋಡಿಯನ್ನು ಬುಡದವರೆಗೆ ಸುಮ್ಮನೆ ನಡೆಸಿಕೊಂಡು ಬಂದು, ಅಲ್ಲಿ ಇಳಿದು, ಅದಕ್ಕೆ ನಾಲ್ಕು ಒಳ್ಳೆಯ ಮಾತು ಹೇಳಿ ಲಿವರ್ ಎಳೆದರು. ಜೀಪು ಒಮ್ಮೆ ನಡುಗಿ, ಸರಪಳಿಗಳನ್ನು ಕೆಸರಿಗೆ ಕಚ್ಚಿಸಿ ಹತ್ತತೊಡಗಿತು. ಜಾರಿತು, ಮತ್ತೆ ಹಿಡಿಯಿತು. ಗಂಟೆಗಳು, ತೊಗಲ ಪಟ್ಟಿಯ ಟಕಟಕ, ಮಾಮಾನ "ಹೈ ಹೈ ರಾಜಾ"... ಊರಿಗೂರೇ ಹೊರಗೆ ಬಂತು. ಹಳದಿ ಉಗಿ ಕಾರುತ್ತ ಜೀಪು ದೊಡ್ಡವ್ವನ ಹೊಸ್ತಿಲಿಗೆ ಮೂತಿ ತಾಗಿಸಿ ನಿಂತಿತು. ಬ್ರೇಕಿಗೆ ಮೊದಲು ಹೇಳಬೇಕಾದದ್ದನ್ನು ಮಾಮಾ ಎಂದಿನಂತೆ ಪೂರ್ತಿ ಹೇಳಿದ್ದರು.

ದೊಡ್ಡವ್ವ ಒಳಗಿನಿಂದ ಬಂದು ಗಾಲಿಗೆ ನೀರು ಹಾಕಿದಳು.

"ಏನ ಮಾವಾರ, ತೇಕಾಕತ್ತೈತೇನ್ ನೋಡ್ರಿ," ಎಂದರು ಮಾಮಾ ಮೈದುನನಿಗೆ. ಮೈದುನ ಬಾನೆಟ್ಟು ಮುಟ್ಟಿ ನೋಡಿ ಕೈ ಸುಟ್ಟುಕೊಂಡ.

ಆದರೆ ಮಳೆ ಹಿಡಿಯಿತು. ಅಂದು ಇಳಿಯಲಾಗಲಿಲ್ಲ. ಕಣ್ಣು ಬಿಟ್ಟಾಗ ಸೋಮವಾರ! ಮರುದಿನ ಬೆಳಿಗ್ಗೆಯೇ ನೂಲದಲ್ಲಿ ಹುತ್ತಕ್ಕೆ ಹಾಲೆರೆಯುವುದು. ಇಂದು ಹೊರಡದಿದ್ದರೆ ದೊಡ್ಡವ್ವನಿಗೆ ಈ ಪಂಚಮಿಯೂ ಇಲ್ಲ.

ಮಾಮಾ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. "ಸ್ವಾಮಾರ ಹೂಡಬಾರ್ದು. ಖರೆ. ಆದ್ರ ಮೇಯಾಕ ಹೊಡ್ಕೊಂಡ ಹೋಗಬಹುದಲ್ಲಾ?"

ಹೀಗೆ ಇಂಜಿನ್ ಆರಿಸಿದ ಜೀಪಿನಲ್ಲಿ ದೊಡ್ಡವ್ವನನ್ನು ಕೂರಿಸಿ, ಹಿಂದೆ ನೂಲಿನ ಹಗ್ಗ ಕಟ್ಟಿ, ಊರ ಗಂಡಸರೆಲ್ಲ ಜಗ್ಗಿ ಹಿಡಿದು, ಜೀಪನ್ನು ಮೇಯಲು ಹೊರಟ ದನದಂತೆ ಗುಡ್ಡ ಇಳಿಸಿದರು. ಹಗ್ಗದ ತುದಿಯಲ್ಲಿ ಮೈದುನನೇ ಇದ್ದ, ಅಂಗೈಗೆ ಬಟ್ಟೆ ಸುತ್ತಿಕೊಂಡು. ಬುಡ ತಲುಪಿತು. ಹಗ್ಗ ಬಿಚ್ಚಿಕೊಂಡು ಊರವರೆಲ್ಲ ಮತ್ತೆ ಗುಡ್ಡ ಹತ್ತಿದರು. ಮುಂದೆ ಸಪಾಟು ರಸ್ತೆ. ಜೀಪು ತಾನಾಗಿ ಮೇಯುತ್ತ ನೂಲಕ್ಕೆ ಹೋಗುವ ಲಕ್ಷಣ ಕಾಣಲಿಲ್ಲ.

"ನೂಲದಿಂದ ಆಳ ಕರಸ್ತೇನಿ, ದಬ್ಬಕೊಂತ ಹೋಗೂಣು," ಎಂದರು ಮಾಮಾ.

"ಯಾಕೋ ತಮ್ಮಾ, ಸ್ವಾಮಾರ ಯಾಕ ಓಡ್ಸಂಗಿಲ್ಲ?" ಎಂದಳು ದೊಡ್ಡವ್ವ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ದುಡಿಯೂ ಜೀವಕ್ಕ ಒಂದ್ ದಿನ ಅಂತ ಬೇಕಲ್ಲವಾ."

ದೊಡ್ಡವ್ವ ಮೊಣಕಾಲು ನೀವಿಕೊಳ್ಳುತ್ತ ನಕ್ಕಳು. "ಬೇಕಪಾ, ಬೇಕು. ನಾ ಸೊಸಿಯಾಗಿ ಆ ಮನಿಗಿ ನಡದ ಮ್ಯಾಲೆ ನನಗ ಸ್ವಾಮಾರ ಅಂತ ಬಂದಿದ್ದು ಈ ಪಂಚಮಿ ಒಂದ ನೋಡು. ಅದೂ ಈಗೀಗ ಬರವಲ್ದಾಗಿತ್ತು."

ದೂರಿನ ದನಿಯೇನಲ್ಲ, ಮಳೆ ನಿಂತಿತು ಎನ್ನುವ ಹಾಗೆ ಹೇಳಿದಳು.

ಮಾಮಾ ಇಳಿದರು. ಜೀಪಿನ ಮುಂದೆ ಹೋಗಿ ಎರಡು ದೀಪಗಳ ನಡುವೆ ಕೈಯಿಟ್ಟು, ಬಾಗಿ ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ. ಕೇಳಿಸದ್ದನ್ನು ನಾನು ಬರೆಯುವುದಿಲ್ಲ. ಆಮೇಲೆ ಬಂದು ಇಂಜಿನ್ ಶುರು ಮಾಡಿದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ದೊಡ್ಡವ್ವ ಗಂಟಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಮಾಮಾ ಜೀಪು ನಿಲ್ಲಿಸಿದರು. ಅಂದು ಮಾತ್ರ "ಹೋ" ಎನ್ನಲಿಲ್ಲ. ಇಳಿದು ಬಂಪರಿನಿಂದ ಗಂಟೆಸರ ಬಿಚ್ಚಿ ತಂದು ನನ್ನ ಮಡಿಲಲ್ಲಿಟ್ಟು, "ಗಟ್ಟಿ ಹಿಡಿ, ಸಪ್ಪಳಾ ಆಗಬಾರ್ದು," ಎಂದರು ಪಿಸುದನಿಯಲ್ಲಿ.

ನೂಲದವರೆಗೂ ನಾನು ಆ ಗಂಟೆಗಳ ನಾಲಗೆ ಹಿಡಿದುಕೊಂಡೇ ಕುಳಿತಿದ್ದೆ.