ಕಚೇರಿ ನೋಡಲು ಬಂದ ಅಭ್ಯರ್ಥಿಗಳು ಓಡಿಹೋಗದಂತೆ ನೋಡಿಕೊಳ್ಳುವ ಬಗ್ಗೆ

ಸಂಯುಕ್ತ ಶಾಖಾ ಕಚೇರಿ (ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು)
ಕೇಂದ್ರಸ್ಥಾನ: ಸವಣೂರು
ಇಲಾಖೆ: (ಹೆಸರು ಬದಲಾವಣೆಯ ಪ್ರಸ್ತಾವನೆ ಪರಿಶೀಲನೆಯಲ್ಲಿರುವುದರಿಂದ ಸದ್ಯ ನಮೂದಿಸಿಲ್ಲ)
ಸಂಖ್ಯೆ: ಸಂಶಾಕ/ಸಿಬ್ಬಂದಿ/ಖಾಲಿ/ಪುನಃ ಖಾಲಿ/06
ದಿನ: ಶನಿವಾರ

ಸುತ್ತೋಲೆ

ವಿಷಯ: ಒಳ್ಳೆಯ ಅಭ್ಯರ್ಥಿಗಳನ್ನು ಕಚೇರಿಯತ್ತ ಆಕರ್ಷಿಸುವುದು ಹಾಗೂ ಆಕರ್ಷಿತರಾಗಿ ಬಂದವರನ್ನು ಮಧ್ಯಾಹ್ನದ ಊಟದ ನಂತರವೂ ಉಳಿಸಿಕೊಳ್ಳುವುದು.

ಉಲ್ಲೇಖ: 1) ತಿಂಗಳ ಕೊನೆಯೊಳಗೆ ಭರ್ತಿಯಾಗದಿದ್ದರೆ ಹುದ್ದೆಯನ್ನೇ ರದ್ದುಪಡಿಸುವುದಾಗಿ ತಿಳಿಸಿದ ಮೇಲಧಿಕಾರಿಗಳ ಪತ್ರ.
2) ಮಾಜಿ ಆಪರೇಟರ್ ಶ್ರೀ ರಮೀಜ ಅವರು ಹೊರಟ ಬಸ್ಸಿನ ಕಿಟಕಿಯಿಂದ ಸಲ್ಲಿಸಿದ ಮೌಖಿಕ ರಾಜೀನಾಮೆ.
3) ಹುಲಗೂರಿನ ಶ್ರೀಮತಿ ಮುಮ್ತಾಜಬೇಗಂ ಅವರ ಗುರುವಾರದ ಭೇಟಿ.

ಈ ಕಚೇರಿಯ ಡಾಟಾ ಎಂಟ್ರಿ ಆಪರೇಟರ್ ಹುದ್ದೆಗೆ ಮೂರು ವರ್ಷಗಳಲ್ಲಿ ಐವರು ಬಂದು ಐವರೂ ಹೋಗಿರುತ್ತಾರೆ. ಅತಿ ಹೆಚ್ಚು ಕಾಲ ಇದ್ದವರು ಹನ್ನೊಂದು ದಿನ ಇದ್ದು, ಅದರಲ್ಲಿ ನಾಲ್ಕು ರಜೆ. ಹುದ್ದೆಯ ಕೆಲಸವನ್ನು ಕೆಳಗೆ ಸಹಿ ಮಾಡಿರುವ ಪ್ರಭಾರ ಅಧೀಕ್ಷಕ ಶ್ರೀ ಮಧ್ವೇಶ (ಇನ್ನು ಮುಂದೆ 'ಅಧೀಕ್ಷಕರು') ಅವರೇ ನಿರ್ವಹಿಸುತ್ತಿದ್ದು, ಸೋಮವಾರ ಹಾನಗಲ್, ಮಂಗಳವಾರ ಶಿಗ್ಗಾವಿ, ಬುಧವಾರ ಹಿರೇಕೆರೂರು, ಉಳಿದ ದಿನ ಸವಣೂರು ಎಂದು ಬಸ್ಸಿನಲ್ಲಿ ತಿರುಗುತ್ತಿದ್ದಾರೆ. ಒಮ್ಮೆ ನಿದ್ದೆಯಲ್ಲಿ ಹಾನಗಲ್ ದಾಟಿ ತಿಳವಳ್ಳಿಯಲ್ಲಿ ಕಣ್ಣು ತೆರೆದ ಸದರಿಯವರು, ಇವತ್ತು ಯಾವ ವಾರವೆಂದು ಕಂಡಕ್ಟರನ್ನು ಕೇಳಿರುವುದು ದಾಖಲಾಗಿದೆ. ಹುದ್ದೆ ರದ್ದಾದರೆ ಇದೇ ವ್ಯವಸ್ಥೆ ಅವರ ನಿವೃತ್ತಿಯವರೆಗೆ, ಅಂದರೆ ಇನ್ನೂ ಹದಿನಾಲ್ಕು ವರ್ಷ, ಮುಂದುವರಿಯತಕ್ಕದ್ದು.

ಆರನೆಯವರಾಗಿ ಆಯ್ಕೆಯಾದ ಹುಲಗೂರಿನ ಕುಮಾರಿ ನುಜಹತ ಅವರು ಹಾಜರಾಗುವ ಮೊದಲು, ಅವರ ತಾಯಿ ಮುಮ್ತಾಜಬೇಗಂ ಅವರು ಕಚೇರಿಯನ್ನು ಖುದ್ದು ನೋಡಬೇಕೆಂದು ಫೋನಿನಲ್ಲಿ ಈ ಕೆಳಗಿನಂತೆ ತಿಳಿಸಿದರು: "ಹೆಣ್ಣ ಕೊಡೂ ಮನಿ ನೋಡ್ತೇವಿ. ದಿನಾ ಎಂಟ ತಾಸ ಕುಂದ್ರೂ ಮನಿ ನೋಡಬಾರದೇನ್ರಿ?" ಇದಕ್ಕೆ ನಿಯಮಾವಳಿಯಲ್ಲಿ ಉತ್ತರ ಕಂಡುಬಾರದ ಕಾರಣ ಅನುಮತಿ ನೀಡಲಾಯಿತು. ಆ ಸಂಬಂಧ ಬುಧವಾರ ಫೋನಿನಲ್ಲೇ ಹೊರಡಿಸಿದ ಸೂಚನೆಗಳನ್ನು, ಅವುಗಳಿಗೆ ಒದಗಿದ ಗತಿಯೊಂದಿಗೆ, ಈ ಕೆಳಗೆ ದಾಖಲಿಸಲಾಗಿದೆ.

1. 'ಇಲ್ಲಿ ಏನು ಕೆಲಸ ನಡೆಯುತ್ತದೆ' ಎಂಬ ಪ್ರಶ್ನೆಗೆ ಎಲ್ಲ ಸಿಬ್ಬಂದಿಯೂ ಒಂದೇ ಉತ್ತರ ಕೊಡತಕ್ಕದ್ದು. ಈ ಹಿಂದೆ ಇದೇ ಹುದ್ದೆಗೆ ಬಂದಿದ್ದ ಶ್ರೀ ಇಮ್ರಾನ ಅವರು ಇದನ್ನು ಕೇಳಿದಾಗ ಮೂರು ಮೇಜುಗಳಿಂದ ಮೂರು ಉತ್ತರ ಬಂದಿದ್ದು, ನಾಲ್ಕನೆಯ ಮೇಜಿನ ಹಿರಿಯ ಸಹಾಯಕಿ ಶ್ರೀಮತಿ ಗೋಪಿಕಾಬಾಯಿ ಅವರು "ನಿನಗ ಗೊತ್ತಾದ್ರ ನನಗೂ ಹೇಳಪಾ" ಎಂದಿರುತ್ತಾರೆ. ಅಂಗೀಕೃತ ಉತ್ತರ: "ಭಾಳ ಕೆಲಸ ಇರತೈತ್ರಿ." ಇದನ್ನು ಹಾಜರಿ ಹಾಕಿದ ನಂತರ ದಿನಕ್ಕೆ ಮೂರು ಬಾರಿ ಅಭ್ಯಾಸ ಮಾಡತಕ್ಕದ್ದು.

2. ಬೆಂಚಿನ ಮೇಲೆ ಕಾಯುತ್ತಿರುವ ಅಭ್ಯರ್ಥಿಯಿಂದ ಕೆಲಸ ಮಾಡಿಸಿಕೊಳ್ಳುವಂತಿಲ್ಲ. ಶ್ರೀ ರಮೀಜ ಅವರು ಹಾಜರಿ ವರದಿ ಕೊಡುವ ಮೊದಲೇ ಪ್ರಿಂಟರ್ ರಿಪೇರಿ ಮಾಡಿ, ಗೋಪಿಕಾಬಾಯಿ ಅವರ ಸಿಲಿಂಡರ್ ಬುಕ್ ಮಾಡಿ, ಅವರ ಮೊಮ್ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಟ್ಟಿದ್ದರು. ತೀರಾ ಅನಿವಾರ್ಯವಾದಲ್ಲಿ ಸರಿಪಡಿಸಿಕೊಡಲು ಒಬ್ಬ ಅಭ್ಯರ್ಥಿಗೆ ದಿನಕ್ಕೆ ಒಂದು ಮೊಬೈಲ್ ಮೀರದಂತೆ ನೀಡಬಹುದು.

3. ಅಭ್ಯರ್ಥಿಯನ್ನು ಕಂಡು ಮುಗುಳ್ನಗತಕ್ಕದ್ದು. ರೂಢಿ ಇಲ್ಲದವರು ಪ್ರಯತ್ನಿಸಬಾರದು. ಸಿಪಾಯಿ ಶ್ರೀ ಹಯಾತ ಅವರು ಹಿಂದೊಮ್ಮೆ ನಕ್ಕಾಗ ಆಗಿನ ಆಪರೇಟರ್ ಕುಮಾರಿ ಐಶ್ವರ್ಯ ಅವರು "ಯಾಕ್ರಿ, ಆರಾಮಿಲ್ಲೇನ್ರಿ?" ಎಂದು ನೀರು ತಂದುಕೊಟ್ಟಿರುತ್ತಾರೆ.

4. ನಾಲ್ಕೂ ಕಾಲು ಸಮವಿರುವ ಕುರ್ಚಿ ಒಂದೇ ಇರುವುದರಿಂದ, ಭೇಟಿಗೆ ಬಂದವರು ಕೋಣೆಯಿಂದ ಕೋಣೆಗೆ ಹೋದಂತೆ ಹಯಾತ ಅವರು ಹಿಂದಿನ ಬಾಗಿಲಿನಿಂದ ಅದನ್ನು ಅವರಿಗಿಂತ ಮುಂಚೆ ತಲುಪಿಸತಕ್ಕದ್ದು. ಗುರುವಾರ ಮೂರನೆಯ ಕೋಣೆಯವರೆಗೆ ಇದು ಯಶಸ್ವಿಯಾಯಿತು. ನಾಲ್ಕನೆಯದರಲ್ಲಿ ಮುಮ್ತಾಜಬೇಗಂ ಅವರು ಏದುಸಿರು ಬಿಡುತ್ತಿದ್ದ ಹಯಾತ ಅವರನ್ನೇ ಅದರ ಮೇಲೆ ಕೂರಿಸಿದರು.

5. ಬಡ್ತಿಯ ಬಗ್ಗೆ ಪ್ರಶ್ನೆ ಏಳದಂತೆ, ಇಪ್ಪತ್ತೊಂಬತ್ತು ವರ್ಷ ಒಂದೇ ಮೇಜಿನಲ್ಲಿರುವ ಗೋಪಿಕಾಬಾಯಿ ಅವರನ್ನು ಭೇಟಿಯ ದಿನ ಬಂಕಾಪುರಕ್ಕೆ ಕಚೇರಿ ಕೆಲಸದ ಮೇಲೆ ಕಳುಹಿಸತಕ್ಕದ್ದು. ಕೆಲಸವನ್ನು ಅಲ್ಲಿಗೆ ಹೋದ ಮೇಲೆ ಹುಡುಕಿಕೊಳ್ಳತಕ್ಕದ್ದು. ಸದರಿಯವರು ಕನ್ನಡಕ ಮರೆತು ಬಸ್ ನಿಲ್ದಾಣದಿಂದಲೇ ಹಿಂದಿರುಗಿ, ಕೇಳದಿದ್ದರೂ ತಮ್ಮ ಸೇವಾ ಅವಧಿಯನ್ನು ತಿಳಿಸಿದರು.

6. ಊರಿನ ಹೆಸರಾಂತ ಕುರುಕಲು ತಿಂಡಿಯಾದ ಸವಣೂರು ಖಾರಾದ ತಟ್ಟೆ ಅತಿಥಿಗಳ ಮುಂದಿರುವಾಗ ಸಿಬ್ಬಂದಿ ಗೋಡೆಯತ್ತ ಮುಖ ಮಾಡಿ ನಿಲ್ಲತಕ್ಕದ್ದು. ಇದೊಂದು ಸೂಚನೆ ಮಾತ್ರ ಪೂರ್ಣವಾಗಿ ಪಾಲನೆಯಾಗಿದ್ದು, ತಾಯಿ-ಮಗಳ ಜೊತೆಗೆ ಬಂದಿದ್ದ ನುಜಹತ ಅವರ ಸೋದರಮಾವ ಶ್ರೀ ಫಾರೂಕ ಅವರು ಇವರಿಗೆಲ್ಲ ಏನು ಶಿಕ್ಷೆಯೆಂದು ವಿಚಾರಿಸಿದರು.

7. ನಂತರ ಮುಮ್ತಾಜಬೇಗಂ ಅವರು ಮಹಿಳೆಯರ ಶೌಚಾಲಯಕ್ಕೆ ಬೀಗ ಇರುವುದನ್ನು ಗಮನಿಸಿದರು. ಕೀಲಿಕೈ ಅಧೀಕ್ಷಕರ ಚೀಲದಲ್ಲಿ ಇರುವುದೆಂದೂ, ಚೀಲವು ವಾರದಲ್ಲಿ ಮೂರು ದಿನ ಬೇರೆ ತಾಲ್ಲೂಕಿನಲ್ಲಿ ಇರುವುದೆಂದೂ ತಿಳಿಸಲಾಯಿತು. "ಹಂಗಾರ ಆ ದಿನಾ ಹೆಣಮಕ್ಕಳು ಎಲ್ಲಿ ಹೋಗಬೇಕ್ರಿ, ಹಾನಗಲ್ಲಿಗೇನ?" ಎಂದು ಅವರು ಕೇಳಿದ್ದು, ಬಾಜೂ ಮನೆಗೆ ಹೋಗಿಬರುವುದಾಗಿ ಗೋಪಿಕಾಬಾಯಿ ಅವರು ಉತ್ತರಿಸಿದರು. ಮೂರು ವರ್ಷಗಳಿಂದ ಹೀಗೆ ನಡೆದಿರುವುದು ಅಧೀಕ್ಷಕರಿಗೆ ಅಂದೇ ತಿಳಿದದ್ದು.

8. ಅಲ್ಲಿಯವರೆಗೆ ಸುಮ್ಮನಿದ್ದ ನುಜಹತ ಅವರು ಒಂದೇ ಪ್ರಶ್ನೆ ಕೇಳಿದರು: "ಮೊದಲಿನ ಐದ ಮಂದಿ ಯಾಕ ಬಿಟ್ಟ ಹೋದರ್ರಿ?" ಇದಕ್ಕೆ ಅಂಗೀಕೃತ ಉತ್ತರವಾದ 'ಸ್ವಂತ ಕಾರಣ'ವನ್ನು ಹಯಾತ ಅವರು ತಪ್ಪಿಲ್ಲದೆ ಒಪ್ಪಿಸಿದರು. "ಐದೂ ಮಂದಿಗೆ ಒಂದ ಸ್ವಂತ ಕಾರಣ ಏನ್ರಿ?" ಎಂದು ನುಜಹತ ಅವರು ಮರುಪ್ರಶ್ನಿಸಿದಾಗ, ಅಂಗೀಕೃತ ಉತ್ತರಗಳು ಮುಗಿದಿದ್ದವು. ಆಗ ಅಧೀಕ್ಷಕರು, ತಮ್ಮದೇ ಸೂಚನೆಗೆ ವಿರುದ್ಧವಾಗಿ, "ಕೆಲಸ ಹೇಳಿಕೊಡವ್ರು ಯಾರೂ ಇದ್ದಿದ್ದಿಲ್ರಿ. ಹೇಳಿಕೊಡಬೇಕಾದಾಂವ ನಾನ. ನಾ ಬಸ್ಸಿನ್ಯಾಗ ಇರ್ತಿದ್ದೆ" ಎಂದುಬಿಟ್ಟರು. ಈ ಉಲ್ಲಂಘನೆಗಾಗಿ ಅಧೀಕ್ಷಕರು ತಮಗೆ ತಾವೇ ಕಾರಣ ಕೇಳುವ ನೋಟೀಸು ಜಾರಿ ಮಾಡಿಕೊಂಡಿದ್ದು, ಅವರ ವಿವರಣೆ ಬಂದಿದ್ದು, ಅವರ ಪರಿಶೀಲನೆಯಲ್ಲಿದೆ.

9. "ಹಂಗಾರ ನಾ ಬಂದ್ರ ನೀವ ಇಲ್ಲೇ ಇರ್ತೀರೇನ್ರಿ?" ಎಂದು ನುಜಹತ ಅವರು ಕೇಳಿದ್ದಕ್ಕೆ, ಆದೇಶ ನೋಡಿ ತಿಳಿಸುವುದಾಗಿ ಅಧೀಕ್ಷಕರು ಹೇಳಿದರು. "ಸಾಹೇಬ್ರ, ಇದು ಆದೇಶ ನೋಡಿ ಹೇಳೂ ಮಾತಲ್ರಿ" ಎಂದು ಫಾರೂಕ ಅವರು ಅಭಿಪ್ರಾಯಪಟ್ಟರು. ನಂತರ ಅಧೀಕ್ಷಕರು "ಇರ್ತೇನಿ" ಎಂದರು. "ಬರದ ಕೊಡ್ರಿ" ಎಂದು ಮುಮ್ತಾಜಬೇಗಂ ಅವರು ಸೂಚಿಸಿದ ಮೇರೆಗೆ ಈ ಸುತ್ತೋಲೆ.

10. ಆದ್ದರಿಂದ, ಸೋಮವಾರದಿಂದ ಹದಿನೈದು ಕೆಲಸದ ದಿನ ಅಧೀಕ್ಷಕರು ಸವಣೂರು ಬಿಟ್ಟು ಕದಲತಕ್ಕದ್ದಲ್ಲ; ಹೊಸ ಆಪರೇಟರ್ ಪಕ್ಕದಲ್ಲಿ ಕುಳಿತು ಕೆಲಸ ಹೇಳಿಕೊಡತಕ್ಕದ್ದು. ಹೇಳಿಕೊಡಲು ತಮಗೆ ಬಾರದ ಭಾಗವನ್ನು ಬಾರದೆಂದು ಒಪ್ಪಿಕೊಳ್ಳತಕ್ಕದ್ದು. ಶೌಚಾಲಯದ ಕೀಲಿಕೈಯನ್ನು ಗೋಪಿಕಾಬಾಯಿ ಅವರ ಮೇಜಿನ ಪಕ್ಕದ ಮೊಳೆಗೆ ತೂಗುಹಾಕಲಾಗಿದೆ.

11. ಕಂಡಿಕೆ 1 ರಿಂದ 6 ರವರೆಗಿನ ಸೂಚನೆಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ತೆಗೆದುಹಾಕಿದರೆ ಸುತ್ತೋಲೆಯು 7 ರಿಂದ ಆರಂಭವಾಗಿ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರಬಹುದಾದ್ದರಿಂದ ಹಾಗೆಯೇ ಬಿಡಲಾಗಿದೆ.

ಓದಿದವರು ಹಿಂಬದಿಯಲ್ಲಿ ಸಹಿ ಮಾಡತಕ್ಕದ್ದು. ಓದದೆ ಸಹಿ ಮಾಡುವವರು ಮುಂಬದಿಯಲ್ಲಿ ಮಾಡಬಹುದು.

ಸಹಿ/-
(ಮಧ್ವೇಶ)
ಪ್ರಭಾರ ಅಧೀಕ್ಷಕರು, ಸಂಯುಕ್ತ ಶಾಖಾ ಕಚೇರಿ, ಸವಣೂರು

ಪ್ರತಿಗಳು:
1. ಮೇಲಧಿಕಾರಿಗಳಿಗೆ: ಹುದ್ದೆ ರದ್ದುಪಡಿಸುವ ಶ್ರಮ ತೆಗೆದುಕೊಳ್ಳಬಾರದೆಂಬ ವಿನಂತಿಯೊಂದಿಗೆ.
2. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಶಾಖೆಗಳಿಗೆ: ಅಧೀಕ್ಷಕರು ಹದಿನೈದು ದಿನ ಬರುವುದಿಲ್ಲ. ರೂಢಿಯ ಬಲದಿಂದ ಬಂದಲ್ಲಿ ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಕಳುಹಿಸತಕ್ಕದ್ದು.
3. ಶ್ರೀ ರಮೀಜ ಹಾಗೂ ಇತರ ನಾಲ್ವರು ಮಾಜಿ ಆಪರೇಟರುಗಳಿಗೆ: ತಡವಾಗಿ, ವಿಷಾದದೊಂದಿಗೆ.
4. ಶ್ರೀಮತಿ ಮುಮ್ತಾಜಬೇಗಂ, ಹುಲಗೂರು: ಬರೆದು ಕೊಡಲಾಗಿದೆ.
5. ಕುಮಾರಿ ನುಜಹತ, ಡಾಟಾ ಎಂಟ್ರಿ ಆಪರೇಟರ್: ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ. ಅಧೀಕ್ಷಕರು ಒಂಬತ್ತೂವರೆಗೇ ಬಂದು ಕೂತಿರುತ್ತಾರೆ.